ಮೇಸ್ತ್ರಿ ಮನೆಯ ಕಿಟಕಿ

ನಮ್ಮೂರಿನಲ್ಲಿ ಗಂಡು ನೋಡಲು ಹೋದವರು ಹುಡುಗ ಏನು ಕೆಲಸ ಮಾಡುತ್ತಾನೆ, ಕುಡಿಯುತ್ತಾನೋ ಇಲ್ಲವೋ ಎಂದು ಮೊದಲು ಕೇಳುವುದಿಲ್ಲ. ಕೊಟ್ಟ ಮಾತನ್ನು ನಡೆಸದೆ ಬಿಡುವ ಅಭ್ಯಾಸ ಇದೆಯೋ ಎಂದು ಕೇಳುತ್ತಾರೆ. "ನಮ್ಮ ಹುಡುಗ ಹೇಳಿದ್ದನ್ನ ಮಾಡೇ ತೀರ್ತಾನೆ" ಎಂದು ಯಾವ ತಾಯಾದರೂ ಬಾಯಿ ಜಾರಿ ಹೇಳಿದರೆ ಮುಗಿಯಿತು, ಕೊಟ್ಟ ಕಾಫಿಯನ್ನೂ ಕುಡಿಯದೆ ಹೆಣ್ಣಿನ ಕಡೆಯವರು ಎದ್ದುಬಿಡುತ್ತಾರೆ. ಅಂಥವನಿಗೆ ಕೊಟ್ಟ ಮಗಳು ಎಷ್ಟು ದಿನ ಮುತ್ತೈದೆಯಾಗಿರುತ್ತಾಳೆ? ಯಾಕೆಂದರೆ ನಮ್ಮೂರಿನಲ್ಲಿ ಕೊಟ್ಟ ಮಾತೊಂದು ಬಾಕಿ ಇರುವವರೆಗೆ ಯಾರೂ ಸಾಯುವುದಿಲ್ಲ. ಹಾವು ಕಚ್ಚಲಿ, ಬಾವಿಗೆ ಬೀಳಲಿ, ಜ್ವರ ನೆತ್ತಿಗೇರಲಿ, ಮಾತು ಬಾಕಿ ಇದ್ದರೆ ಉಸಿರು ಇರುತ್ತದೆ. ಮಾತು ತೀರಿಸಿದವರು ಬೇರೆ ಊರಿನವರ ಹಾಗೆ, ಯಾವಾಗ ಬೇಕಾದರೂ ಹೋಗಬಹುದು. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಜನ ಯಾಕೆ ಸಾಯುತ್ತಾರೆ ಎಂದು ನಾನು ಕೇಳಿದ್ದೇನೆಯೇ?

ಮಗುವಿಗೆ ಮಾತು ಬಂದ ಕೂಡಲೇ ಅದನ್ನು ಗುಡಿಗೆ ಕರೆದುಕೊಂಡು ಹೋಗಿ, "ಅಮ್ಮಾ, ನಿಂಗೊಂದು ಗಂಟೆ ಕಟ್ತೀನಿ" ಎಂದು ದೇವಿಗೆ ಹರಕೆ ಹೇಳಿಸುತ್ತಾರೆ. ಆ ಗಂಟೆಯನ್ನು ಮದುವೆಯ ದಿನದವರೆಗೆ ಯಾರೂ ಕಟ್ಟುವುದಿಲ್ಲ. ಮದುವೆಯ ದಿನ ಗಂಡು ಹೆಣ್ಣು ಇಬ್ಬರೂ ತಮ್ಮ ತಮ್ಮ ಗಂಟೆ ಕಟ್ಟಿ ದೇವಿಯ ಋಣ ಹರಿದುಕೊಂಡು, ಆಮೇಲೆ ಒಬ್ಬರ ಅಂಗೈಗೆ ಒಬ್ಬರು ಅಂಗೈ ತಟ್ಟಿ ಭಾಷೆ ಕೊಡಬೇಕು. ಅಲ್ಲಿಂದಾಚೆ ಗಂಡನ ಆಯಸ್ಸು ಹೆಂಡತಿಗೆ ಕೊಟ್ಟ ಮಾತಿನಲ್ಲಿ, ಹೆಂಡತಿಯ ಆಯಸ್ಸು ಗಂಡನಿಗೆ ಕೊಟ್ಟ ಮಾತಿನಲ್ಲಿ. ಗಂಟೆ ಕಟ್ಟಿದ ಮೇಲೆ ಭಾಷೆ ಕೊಡುವ ಮುಂಚೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಆಗ ನೋಡಬೇಕು ತಾಯಂದಿರ ಮುಖ. ಎಡವದಂತೆ ಚಾಪೆ ಹಾಸಿರುತ್ತಾರೆ, ಚಪ್ಪರದ ಗಳು ಬಿದ್ದೀತೆಂದು ಇಬ್ಬರ ತಲೆಯ ಮೇಲೂ ಛತ್ರಿ ಹಿಡಿದಿರುತ್ತಾರೆ. ಉಳಿದ ದಿನ ಮಂತ್ರವನ್ನು ರಬ್ಬರಿನಂತೆ ಎಳೆಯುವ ಪೂಜಾರಿ ಅಂದು ಕುದುರೆ ಓಡಿಸಿದ ಹಾಗೆ ಓಡಿಸುತ್ತಾನೆ. ಹಿರಿಯರು ಆಗ ಒಂದೇ ಒಂದು ಬುದ್ಧಿಮಾತು ಹೇಳುತ್ತಾರೆ. ಭಾಷೆಯಲ್ಲಿ ಸಾವಿನ ಸುದ್ದಿ ತರಬೇಡಿ. ಒಡವೆ ಹೇಳಿ, ಸೀರೆ ಹೇಳಿ, ಕೈಗೆ ಎಟುಕುವಂಥದ್ದು ಹೇಳಿ. ಮುಪ್ಪಿನಲ್ಲಿ ಸಾಕಪ್ಪಾ ಸಾಕು ಅನ್ನಿಸಿದಾಗ ಕೈಯಾರೆ ತೀರಿಸಿ ಹೊರಡಲು ಬರುವಂತಿರಬೇಕು. ಸಾವನ್ನು ಸೇರಿಸಿ ಕೊಟ್ಟ ಮಾತು ಕೊಟ್ಟವನ ಕೈಯಲ್ಲಿ ಇರುವುದಿಲ್ಲ. ಇಸಿದುಕೊಂಡವರು "ಬೇಡ ಬಿಡಿ" ಎಂದರೂ ಮಾತು ಬಿಡುವುದಿಲ್ಲ.

ನಮ್ಮವರು ಗಾರೆ ಕೆಲಸದವರು. ಊರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುವುದು. ಮದುವೆಯಲ್ಲಿ ಅವರು ನನ್ನ ಅಂಗೈ ತಟ್ಟಿ, "ನಿನ್ನ ಅಡುಗೆಮನೆ ಮೂಡಣ ಗೋಡೆಗೆ ಒಂದು ಕಿಟಕಿ ಇಡ್ತೀನಿ" ಎಂದರು. ಗಾರೆಯವನಿಗೆ ಅದೇನು ಮಹಾ, ಬೇಕೆಂದಾಗ ಒಂದು ದಿನದ ಕೆಲಸ ಎಂದು ಹಿರಿಯರು ತಲೆದೂಗಿದರು. ನನ್ನ ಸರದಿ ಬಂದಾಗ ನಾನು, "ಒಂದು ದಿನ ನಿಮ್ಮನ್ನ ಹೆಸರು ಹಿಡಿದು ಕೂಗ್ತೀನಿ, ನೀವು ಓಗೊಡಬೇಕು" ಎಂದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗಂಡನ ಹೆಸರು ಹೇಳುವುದು ನಮ್ಮಲ್ಲಿ ಮೊದಲೇ ಇಲ್ಲ, ಮೇಲೆ ಇದು ಬೇರೆ. ಅಂದಿನಿಂದ ಆ ಹೆಸರನ್ನು ನಾನು ನಾಲಿಗೆಯ ಮೇಲೆ ತಂದಿಲ್ಲ. ಪಡಿತರ ಚೀಟಿಗೆ ಗಂಡನ ಹೆಸರು ಕೇಳಿದಾಗ ಪಕ್ಕದ ಮನೆಯ ದ್ಯಾವಮ್ಮನನ್ನು ಕರೆದುಕೊಂಡು ಹೋಗಿ ಹೇಳಿಸಿದೆ. ಅದೇ ಹೆಸರಿನ ತರಕಾರಿಯವನು ಬೀದಿಗೆ ಬಂದರೆ "ಓ ಬದನೆಕಾಯೀ" ಎಂದು ಕೂಗುತ್ತಿದ್ದೆ.

ಅಂತೂ ಸಂಸಾರ ಸಾಗಿತು. ಊರಿನ ಮನೆ ಮನೆಗೂ ನಮ್ಮವರು ಕಿಟಕಿ ಇಟ್ಟರು. ದೊಡ್ಡವರ ಮನೆಗೆ ಕಮಾನಿನ ಕಿಟಕಿ, ಬಡವರಿಗೆ ಗೂಡಿನಷ್ಟು ಕಿಟಕಿ, ಮೇವಿನಂಗಡಿಯವನ ಎಮ್ಮೆಗೂ ಗಾಳಿ ಆಡಲೆಂದು ಒಂದು ಕಿಟಕಿ. ನನ್ನ ಅಡುಗೆಮನೆಯಲ್ಲಿ ಹಗಲಲ್ಲೂ ದೀಪ. ಸೌದೆ ಒಲೆಯ ಹೊಗೆ ಬಾಗಿಲಿನಿಂದ ಹೋಗಬೇಕು, ಇಲ್ಲವೇ ನನ್ನ ಮೂಗಿನಿಂದ ಹೋಗಬೇಕು. ನನ್ನ ಗೋಡೆ, ಸೂರು, ಸೀರೆ ಎಲ್ಲ ಒಂದೇ ಬಣ್ಣ. ನೀರಿಗೆ ಹೋದಲ್ಲಿ ಹೆಂಗಸರು, "ತಾಯಕ್ಕನ ಗಂಡ ಎಂಥ ಒಳ್ಳೆಯೋನು, ಇನ್ನೂ ಕಿಟಕಿ ಇಟ್ಟಿಲ್ವಂತೆ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಹೊಗೆ ಹೆಚ್ಚಾದಷ್ಟೂ ನನ್ನ ಗಂಡ ಗಟ್ಟಿಯಾಗಿದ್ದಾನೆ ಅನ್ನಿಸುತ್ತಿತ್ತು. ಮಕ್ಕಳಾಗಲಿಲ್ಲ ಎಂದು ಅಳು ಬಂದ ದಿನಗಳಲ್ಲಿ ಒಲೆಯ ಮುಂದೆ ಕುಳಿತರೆ ಸಾಕು, ಯಾರು ಕೇಳಿದರೂ ಹೊಗೆ ಎಂದರಾಯಿತು. ಎಂದಾದರೂ ಅವರು ಕರಣೆ ಕೈಯಲ್ಲಿ ಹಿಡಿದು ಅಡುಗೆಮನೆಯ ಗೋಡೆಯ ಕಡೆ ಕಣ್ಣು ಹಾಯಿಸಿದರೆ ನಾನು ಪೊರಕೆ ಎತ್ತಿಕೊಳ್ಳುತ್ತಿದ್ದೆ.

ಒಮ್ಮೆ ಹೊರಗಿನಿಂದ ಒಬ್ಬರು ಸ್ವಾಮಿಗಳು ಬಂದು ಗುಡಿಯ ಮುಂದೆ ಪ್ರವಚನ ಮಾಡಿದರು. ಆಡಿದ ಮಾತನ್ನು ನಡೆಸದವನಿಗೆ ನರಕವೇ ಗತಿ ಎಂದು ಬಹಳ ಚೆನ್ನಾಗಿ ಹೇಳಿದರು. ಜನ ಮಕ್ಕಳ ಕಿವಿ ಮುಚ್ಚಿದರು. ಎಣ್ಣೆ ಅಂಗಡಿಯ ಶಿವರುದ್ರಪ್ಪ ಮಾತ್ರ ಕಣ್ಣೀರು ಹಾಕಿಕೊಂಡು ಮನೆಗೆ ಹೋಗಿ, ಹೆಂಡತಿಗೆ ಹೇಳಿದ್ದ ಉಯ್ಯಾಲೆಯನ್ನು ತೊಲೆಗೆ ಕಟ್ಟಿ, ಅವಳನ್ನು ಕೂರಿಸಿ ತೂಗಿಬಿಟ್ಟ. ವಾರ ಕಳೆಯುವುದರೊಳಗೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಊರಿನವರು ಸ್ವಾಮಿಗಳಿಗೆ ಶಾಲು ಹೊದಿಸಿ, ಫಲ ಕೊಟ್ಟು, "ಬುದ್ಧಿ, ದಯವಿಟ್ಟು ಇನ್ನು ಈ ಕಡೆ ಬರಬೇಡಿ. ಬರ್ತೀನಿ ಅಂತ ಮಾತು ಮಾತ್ರ ಕೊಟ್ಟು ಹೋಗಿ" ಎಂದು ಕೈ ಮುಗಿದರು. ಅವರು ಕೊಟ್ಟು ಹೋದರು. ತುಂಬ ವಯಸ್ಸಾಗಿದ್ದರೂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಎಂದು ಸುದ್ದಿ.

ನಮ್ಮವರು ಬಿದ್ದದ್ದು ಶಾಲೆಯ ಕಟ್ಟಡಕ್ಕೆ ಗಳು ಕಟ್ಟಿ ನಿಲ್ಲಿಸಿದ್ದ ಸಾರುವೆಯಿಂದ. ಬೇರೆ ಊರಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು. ಬೆನ್ನು ಮುರಿಯಿತು, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮೇಲೆ ಮಾತ್ರ ನೋವು. ಅದೆಂಥ ನೋವು ಎಂದರೆ, ಅಷ್ಟು ದೊಡ್ಡ ಗಂಡಸು ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಮೊದಮೊದಲು ಊರಿನವರು ಬಂದು, "ಕಿಟಕಿ ಇಡದೆ ಇದ್ದದ್ದಕ್ಕೆ ಉಳಿದ ನೋಡಿ ಮೇಸ್ತ್ರಿ" ಎಂದು ನನ್ನ ತಾಳಿಭಾಗ್ಯವನ್ನು ಹೊಗಳಿದರು. ವರ್ಷಗಳು ಕಳೆದವು. ನನಗೆ ಕೆಮ್ಮು ಹತ್ತಿತು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದನ್ನ ಇಟ್ಕೊಂಡು ಹೇಗಮ್ಮಾ ಬದುಕಿದೀರಿ? ಹೊಗೆಯಲ್ಲೇ ಇರ್ತೀರಾ?" ಎಂದು ಕೇಳಿದರು. ಪರವೂರಿನವರು, ಅವರಿಗೆ ಏನು ಹೇಳಲಿ? ಯಜಮಾನರ ಹೆಸರು ಇನ್ನೂ ಕೂಗಿಲ್ಲ, ಅದಕ್ಕೆ ಬದುಕಿದ್ದೇನೆ ಎಂದರೆ ತಲೆಯ ಎಕ್ಸ್‌ರೇ ತೆಗೆಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸಲು ಹೋದಾಗ ಅವರು ಮುಖ ಆಚೆ ತಿರುಗಿಸಿದರು.

"ಇನ್ನು ಕಿಟಕಿ ಇಟ್ಟುಬಿಡೋಣ ಕಣೇ" ಎಂದರು.

"ಯಾವ ಕಿಟಕಿ?" ಎಂದೆ, ಗೊತ್ತಿಲ್ಲದವಳ ಹಾಗೆ.

"ನಂಗೆ ಸಾಕಾಗ್ಯದೆ. ತೀರಿಸಿ ಹೊರಡ್ತೀನಿ."

ನಾನು ಆಗುವುದಿಲ್ಲ ಎಂದೆ. ದಿನವೂ ಕೇಳಿದರು, ದಿನವೂ ಆಗುವುದಿಲ್ಲ ಎಂದೆ. ಅವರಿಲ್ಲದ ಮನೆಯಲ್ಲಿ ನಾನು ಯಾರಿಗೆ ಗಂಜಿ ಬೇಯಿಸಲಿ? ಅವರ ನೋವು ನನಗೆ ಕಾಣುತ್ತಿರಲಿಲ್ಲ ಎಂದಲ್ಲ, ಕಾಣುತ್ತಿತ್ತು, ಆದರೂ ಅವರು ಬೇಕಿತ್ತು. ಹೊಗಳಿದ ಊರೇ ನಿಧಾನವಾಗಿ ಬೇರೆ ರಾಗ ತೆಗೆಯಿತು. ನಮ್ಮವರ ನರಳಾಟ ದ್ಯಾವಮ್ಮನ ಮನೆಯವರೆಗೂ ಕೇಳುತ್ತಿತ್ತು. ಅವಳು ಒಂದು ದಿನ ಬಂದು ಹೊಸಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

"ತಾಯಕ್ಕ, ಬೇಜಾರ್ ಮಾಡ್ಕಬ್ಯಾಡ. ಹಸೂನೂ ಗೂಟಕ್ಕೆ ಕಟ್ಟಾಕ್ತೀವಿ, ಆದ್ರೆ ಸಾಯಂಕಾಲ ಆದ್ರೂ ಬಿಚ್ತೀವಿ ಕಣವ್ವ" ಎಂದಳು.

ನನಗೆ ಕೋಪ ಬಂತು. ಎದ್ದು ಹೋಗು ಎಂದು ಹೇಳಬೇಕೆಂದು ಬಾಯಿ ತೆರೆದೆ, ಕೆಮ್ಮು ಬಂತು, ಕೆಮ್ಮು ನಿಂತಾಗ ಅಳು ಬಂತು. ದ್ಯಾವಮ್ಮ ನನ್ನ ಬೆನ್ನು ನೀವುತ್ತ ಕುಳಿತಳು. ಅವತ್ತೇ ಒಳಗೆ ಹೋಗಿ ನಮ್ಮವರಿಗೆ, "ಆಯ್ತು, ಇಡಿ" ಎಂದೆ.

ಇಡಿ ಎಂದರೆ ಇಡುವವರು ಯಾರು? ಮಾತು ಕೊಟ್ಟವನ ಕೈ ಕೆಲಸಕ್ಕೆ ಸೋಕಿದರೆ ಸಾಕು, ಉಳಿದದ್ದನ್ನು ಯಾರು ಬೇಕಾದರೂ ಮಾಡಬಹುದು ಎಂದು ರೂಢಿ ಇದೆ. ಅವರ ಕೈಕೆಳಗೆ ಕೆಲಸ ಕಲಿತವರೆಲ್ಲ ಮೇಸ್ತ್ರಿಗೆ ಗುಂಡಿ ತೋಡುವುದು ನಮ್ಮಿಂದ ಆಗದು ಎಂದು ಜಾರಿಕೊಂಡರು. ಕಡೆಗೆ ನಾನೂ ದ್ಯಾವಮ್ಮನೂ ಸೇರಿ ಅವರ ಮಂಚವನ್ನು ಅಡುಗೆಮನೆಗೆ ಎಳೆದೆವು. ಅವಳು ಹಾರೆ ಹಿಡಿದಳು, ನಾನು ಕಲಸಿದೆ. ಅವರು ಮಲಗಿದಲ್ಲಿಂದಲೇ ಶುರು ಮಾಡಿದರು. ಗಾರೆ ನೀರಾಯಿತು. ಇಟ್ಟಿಗೆ ನೆನೆಸಲಿಲ್ಲ. ಇದು ಕಿಟಕಿಯೋ ಹೆಗ್ಗಣದ ಬಿಲವೋ. ತೂಗುಗುಂಡು ಇಳಿಬಿಡಿಸಿ ಒಂದು ಕಣ್ಣು ಮುಚ್ಚಿ ನೋಡಿ, "ಕೂದಲಷ್ಟು ವಾಲ್ಯದೆ. ಕಿತ್ತು ಕಟ್ಟು" ಎಂದರು.

"ಸಾಯೋಕೆ ಹೊರಟೋರಿಗೆ ವಾಲಿದ್ರೆ ಏನು, ನೆಟ್ಟಗಿದ್ರೆ ಏನು?" ಎಂದು ದ್ಯಾವಮ್ಮ ಗೊಣಗಿದಳು.

"ನಾಳೆ ಜನ ನೋಡಿ ಇದು ಮೇಸ್ತ್ರಿ ಕೆಲ್ಸ ಅಂದಾರು" ಎಂದರು.

ಕಿತ್ತೆವು, ಮತ್ತೆ ಕಟ್ಟಿದೆವು. ಬಿದ್ದ ಮೇಲೆ ಅಷ್ಟು ಉತ್ಸಾಹದಲ್ಲಿ ಅವರನ್ನು ನಾನು ನೋಡಿರಲಿಲ್ಲ. ಅವರು ತಪ್ಪು ತೆಗೆದಷ್ಟೂ ನನಗೆ ಒಳಗೊಳಗೇ ಸಂತೋಷ, ಬೇಕೆಂದೇ ಒಂದೆರಡು ಇಟ್ಟಿಗೆ ಸೊಟ್ಟಗೆ ಇಟ್ಟೆ. ಆದರೆ ಗೋಡೆಯಲ್ಲಿರುವುದು ಒಂದೇ ತೂತು, ಅದನ್ನು ಎಷ್ಟು ದಿನ ಕಟ್ಟಲಾದೀತು? ಚೌಕಟ್ಟು ಕುಳಿತಿತು. ಕೊನೆಯ ಸಂದಿಗೆ ಗಾರೆ ಮೆತ್ತುವಾಗ ನಾನು ಅವರ ಕೈಗೆ ಕರಣೆ ಕೊಟ್ಟು, ಮೊಣಕೈಗೆ ಆಸರೆ ಹಿಡಿದೆ. ಅವರು ನಿಧಾನವಾಗಿ ಬಳಿದು ನುಣುಪು ಮಾಡಿದರು. ಮದುವೆಯಾಗಿ ಬಂದಂದಿನಿಂದ ನೋಡಿರದ ನನ್ನ ಅಡುಗೆಮನೆಯನ್ನು ಅವತ್ತು ನೋಡಿದೆ. ಎಷ್ಟು ಕೊಳಕಾಗಿತ್ತು.

ಆಮೇಲೆ ಕಾದೆವು. ಅಂಥ ಮೈಯಲ್ಲಿ ಜೀವ ಹಿಡಿದಿದ್ದದ್ದೇ ಕಿಟಕಿ. ಅದು ಮುಗಿದ ಮೇಲೆ ದೀಪ ಆರುವಷ್ಟು ಹೊತ್ತೂ ಹಿಡಿಯದು ಎಂದು ಎಲ್ಲರ ಲೆಕ್ಕ. ನೆಂಟರು ಬಂದರು. ದ್ಯಾವಮ್ಮ ನಾಚಿಕೊಳ್ಳುತ್ತಲೇ ಅಂಗಳದ ಮೂಲೆಯಲ್ಲಿ ಚಟ್ಟಕ್ಕೆಂದು ಬಿದಿರು ತಂದಿಡಿಸಿದಳು. ಪೂಜಾರಿ ಬಂದು ಅವರ ಬಾಯಿಗೆ ತೀರ್ಥ ಬಿಟ್ಟ. ನಾನು ಅವರ ಕೈ ಹಿಡಿದು ಕುಳಿತೆ. ಸಂಜೆಯಾಯಿತು, ಬೆಳಗಾಯಿತು, ಹೊಸ ಕಿಟಕಿಯಿಂದ ಬಿಸಿಲು ಬಂದು ಅವರ ಮುಖದ ಮೇಲೆ ಬಿತ್ತು. ಅವರು ಕಣ್ಣು ಬಿಟ್ಟು, "ಕಾಫಿ ಇಲ್ವಾ?" ಎಂದರು.

ಇನ್ನೂ ಮೂರು ದಿನ ಕಾದು ನೆಂಟರು ಹೊರಟರು, ಹೊರಡುವಾಗ ಒಬ್ಬೊಬ್ಬರೂ ನನ್ನ ಕಡೆ ಒಂಥರಾ ನೋಡಿದರು. ಆ ನೋಟದ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನಗೆ ಕೊಟ್ಟ ಮಾತು ತೀರಿಸಿದ ಮೇಲೂ ಈ ಮನುಷ್ಯ ಬದುಕಿದ್ದಾರೆ ಎಂದರೆ, ಇನ್ನೊಂದು ಮಾತು ಬಾಕಿ ಇದೆ ಎಂದರ್ಥ. ನಮ್ಮೂರಿನಲ್ಲಿ ಗಂಡ ಕುಡಿದು ಬಂದರೆ ಹೆಂಡತಿ ಸಹಿಸುತ್ತಾಳೆ. ಬೇರೆ ಯಾರಿಗೋ ಮಾತು ಕೊಟ್ಟಿದ್ದರೆ ಸಹಿಸುವುದಿಲ್ಲ. ನಾನು ಕಾಫಿ ಲೋಟವನ್ನು ಅವರ ಕೈಗೆ ಎಟುಕದಷ್ಟು ದೂರ ಇಟ್ಟು ಕುಳಿತೆ.

"ಯಾರಿಗೆ ಕೊಟ್ಟಿದೀರಿ?" ಎಂದೆ.

"ಏನ?"

"ಮಾತು. ಇನ್ನೊಂದು."

"ಕಾಫಿ ಆರ್ತದೆ ಕೊಡೇ."

"ಸುಣ್ಣದ ಗೂಡಿನ ಚೆಲುವಿಗಾ? ಸುಣ್ಣ ತರಕ್ಕೆ ಹೋದ್ರೆ ಹೊತ್ತು ಮುಳುಗಿಸ್ಕೊಂಡು ಬರ್ತಿದ್ರಲ್ಲ."

ಅವರಿಗೆ ನಗು ಬಂತು, ನಗುವಿಗೆ ಬೆನ್ನು ಹಿಡಿಯಿತು, ಸ್ವಲ್ಪ ಹೊತ್ತು ಚಾದರ ಕಚ್ಚಿಕೊಂಡರು. ಆಮೇಲೆ, "ನಿಂಗೇ ಕಣೇ ಕೊಟ್ಟಿರೋದು" ಎಂದರು.

ಮದುವೆಯಾದ ವರ್ಷ ನನಗೆ ವಿಷಮಜ್ವರ ಬಂದಿತ್ತಂತೆ. ಬಂದಿತ್ತು, ಅದು ನನಗೂ ನೆನಪಿದೆ, ಅದರೊಳಗೆ ಏನೇನು ಬಡಬಡಿಸಿದೆ ಎಂಬುದು ನೆನಪಿಲ್ಲ. ಅವತ್ತು ಅವರು ಗುಡಿಯ ಗೋಪುರದ ಕೆಲಸಕ್ಕೆ ಹೊರಟಿದ್ದರು. ಹತ್ತಬೇಡಿ, ಬೀಳುತ್ತೀರಿ, ನನ್ನನ್ನು ಬಿಟ್ಟು ಹೋಗುತ್ತೀರಿ ಎಂದು ನಾನು ಹಟ ಹಿಡಿದು ಕೈ ಚಾಚಿದೆನಂತೆ.

"ಭಾಷೆ ಕೊಡಿ ಅಂದೆ ನೀನು. ಕೊಟ್ಟುಬಿಟ್ಟೆ. ನಿನಗಿಂತ ಮುಂಚೆ ಹೋಗಲ್ಲ ಅಂತ."

"ಸಾವಿನ ಮಾತು ತರಬೇಡಿ ಅಂತ ಹಿರಿಯರು ಹೇಳಿದ್ರಲ್ಲ" ಎಂದೆ.

"ಹೇಳಿದ್ರು. ಆದ್ರೆ ಸುಡ್ತಿದ್ದದ್ದು ನಿನ್ನ ಕೈ, ಹಿರಿಯರದಲ್ಲ."

"ಹಂಗಾದ್ರೆ ಈ ಕಿಟಕಿ ಯಾವತ್ತೋ ಇಡಬಹುದಾಗಿತ್ತು. ಇಷ್ಟು ವರ್ಷ ನಾನು ಹೊಗೆ ಕುಡಿದದ್ದು ದಂಡ."

"ದಂಡವೇ. ಹೇಳಿದ್ರೆ ನೀನು ಕಿಟಕಿ ಇಡಕ್ಕೆ ಬಿಡ್ತಿದ್ದೆ, ಸರಿ. ಆದ್ರೆ ನಾನು ಬಿದ್ದ ದಿನವೇ ನೀನು ನನ್ನ ಬಿಡಿಸಕ್ಕೆ ಹೆಸರು ಕೂಗಿಬಿಡ್ತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ?"

"ಮತ್ತೆ ಈಗ ಯಾಕೆ ಸಾಯ್ತೀನಿ ಅಂತ ನಾಟಕ?"

ಅವರು ಕಿಟಕಿಯ ಕಡೆ ನೋಡಿದರು. "ಗೋಡೆ ಆಚೆ ನೀನು ಕೆಮ್ಮೋದು ಕೇಳ್ಕೊಂಡು ಮಲಗಿರಕ್ಕೆ ಆಗಲಿಲ್ಲ. ಸಾಯ್ತೀನಿ ಅನ್ನದೆ ಇದ್ರೆ ನೀನು ಗೋಡೆ ಮುಟ್ಟಕ್ಕೆ ಬಿಡ್ತಿರಲಿಲ್ಲ" ಎಂದರು.

ಅವತ್ತು ನಾನು ಅವರಿಗೆ ಬೈದಷ್ಟು ಜನ್ಮದಲ್ಲಿ ಯಾರಿಗೂ ಬೈದಿಲ್ಲ. ಪಾತ್ರೆ ಎಸೆದೆ. ಆಮೇಲೆ ಆರಿದ ಕಾಫಿಯನ್ನು ಬಿಸಿ ಮಾಡಿ ಕುಡಿಸಿದೆ. ಸಿಟ್ಟು ಬಂದದ್ದೂ ನಿಜ, ಮದುಮಗಳ ಹಾಗೆ ಎದೆ ತುಂಬಿ ಬಂದದ್ದೂ ನಿಜ, ಎರಡನ್ನೂ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಆ ಹೊತ್ತು ಕಳೆದ ಮೇಲೆ ಉಳಿದದ್ದು ಒಂದೇ ಯೋಚನೆ. ನಾನು ಇರುವವರೆಗೆ ಅವರ ನೋವೂ ಇರುತ್ತದೆ. ಹೆಸರು ಕೂಗುವವರೆಗೆ ನಾನು ಇರುತ್ತೇನೆ.

ಗುಡಿಗೆ ಹೋದೆ. ಅಲ್ಲಿ ಸೂರು ಕಾಣದಷ್ಟು ಗಂಟೆಗಳು ತೂಗುತ್ತವೆ, ಅವುಗಳಲ್ಲಿ ನನ್ನದೊಂದು, ಅವರದೊಂದು. ಗಾಳಿಗೆ ಯಾವುದು ಅಲುಗಿತೋ ತಿಳಿಯಲಿಲ್ಲ. ನಾನು ದೇವಿಯನ್ನು ಏನೂ ಕೇಳಲಿಲ್ಲ. ಪೂಜಾರಿ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡವನ ಹಾಗೆ ಹತ್ತಿರ ಬಂದ.

"ಹೆಸರು ಕೂಗಬೇಕು ಅಂತ ಇದೀರಾ ತಾಯಕ್ಕ? ಕೂಗಿ. ಆದ್ರೆ ಅದಕ್ಕೆ ಮುಂಚೆ ಅಮ್ಮನಿಗೆ ಇನ್ನೊಂದು ಗಂಟೆ ಹರಕೆ ಹೇಳ್ಕೊಂಡುಬಿಡಿ. ಗಂಡನಿಗೆ ಕೊಟ್ಟ ಮಾತು ತೀರಿಸಿದ ಪುಣ್ಯನೂ ಬರ್ತದೆ, ಪ್ರಾಣನೂ ಎಲ್ಲಿಗೂ ಹೋಗಲ್ಲ" ಎಂದ.

ಪಾಪ, ಅವನು ಒಳ್ಳೆಯದಕ್ಕೇ ಹೇಳಿದ. ನಮ್ಮೂರಿನ ಧರ್ಮವೆಲ್ಲ ಅಷ್ಟರಲ್ಲೇ ಇದೆ. ಯೋಚಿಸಿ ಹೇಳುತ್ತೇನೆ ಎನ್ನಲು ಹೊರಟವಳು ನಾಲಿಗೆ ಕಚ್ಚಿಕೊಂಡೆ. ಅದೂ ಒಂದು ಮಾತೇ ಆಗಿಬಿಡುತ್ತಿತ್ತು. ಮಂಗಳಾರತಿ ತೆಗೆದುಕೊಂಡು ಬಂದುಬಿಟ್ಟೆ.

ಮನೆಗೆ ಬಂದು ಅಡುಗೆಮನೆಯ ಗೋಡೆ ಉಜ್ಜಿದೆ. ನೀರು ಕಪ್ಪಾಗಿ ಹರಿಯಿತು. ದಿನಕ್ಕೆ ಒಂದಿಷ್ಟರಂತೆ ಸುಣ್ಣ ಬಳಿದೆ. ಅವರು ಮಂಚದ ಮೇಲಿನಿಂದ, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ಕೈ ತೋರಿಸುತ್ತಿದ್ದರು. ದ್ಯಾವಮ್ಮನನ್ನು ಕರೆದು ಅವಳ ಕೈಗೆ ನನ್ನ ಉಪ್ಪಿನಕಾಯಿ ಭರಣಿ ಕೊಟ್ಟು, ಮೇಸ್ತ್ರಿಗೆ ಗಂಜಿ ಹೇಗೆ ಮಾಡಬೇಕು, ಎಷ್ಟು ಬಿಸಿ ಇರಬೇಕು ಎಂದು ತೋರಿಸಿದೆ. ಸಾಯಂಕಾಲ ಹಸು ಬಿಚ್ಚುವ ಮಾತು ಆಡಿದ್ದವಳು ಈಗ ಮೂಗು ಒರೆಸಿಕೊಂಡು, "ನಿಧಾನ ಮಾಡವ್ವ, ಏನು ಅವಸರ" ಎಂದಳು. ಅವಸರವೇನೂ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಬಿಸಿಲು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಇಬ್ಬರೂ ಕೆಲವು ದಿನ ನೋಡಿದೆವು. ಅಷ್ಟು ಆಸೆ ಪಡುವುದಕ್ಕೆ ನಮಗೆ ಹಕ್ಕಿತ್ತು.

ಒಂದು ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಮಂಚದ ಪಕ್ಕ ನಿಂತೆ. ನನ್ನನ್ನು ನೋಡಿದ್ದೇ ತಡ ಅವರು ಕಣ್ಣು ಮುಚ್ಚಿಕೊಂಡರು. ಓಗೊಡದೆ ಇದ್ದರೆ ಕೂಗಿದ್ದು ಕೂಗಿದ ಹಾಗಲ್ಲ, ಅದು ಅವರಿಗೂ ಗೊತ್ತು. ಮಲಗಿದವರನ್ನು ಎಬ್ಬಿಸಬಹುದು, ಮಲಗಿದವರ ಹಾಗೆ ನಟಿಸುವವರನ್ನು ಯಾರು ಎಬ್ಬಿಸಿಯಾರು? ಹೆಸರು ಬಾಯಿಯವರೆಗೆ ಬಂದು ನಿಂತಿತು. ಆಡದೆ ಬಿಟ್ಟ ಹೆಸರು ಎಷ್ಟು ಹೊಸದಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಮರಿಸಿದ್ದಯ್ಯಾ" ಎಂದೆ.

ಅವರು ಕದಲಲಿಲ್ಲ. ರೆಪ್ಪೆಯ ಕೆಳಗೆ ಗುಡ್ಡೆ ಆಡುತ್ತಿತ್ತು. ಅಷ್ಟರಲ್ಲಿ ಬೆನ್ನಿನ ನೋವು ಎದ್ದಿತು, ಅವರ ಕೈ ತಾನಾಗಿ ಚಾದರದ ಅಂಚು ಹುಡುಕಿತು. ನಾನು ಅಂಚಿನ ಬದಲು ನನ್ನ ಕೈ ಕೊಟ್ಟೆ. ನೋವು ಇಳಿಯುವವರೆಗೆ ಹಿಡಿದೇ ಇದ್ದರು. ನನ್ನ ಕಣ್ಣಿಂದ ನೀರು ಸುರಿಯಿತು, ಹೊಗೆ ಎನ್ನೋಣವೆಂದರೆ ಕಿಟಕಿ ತೆರೆದಿತ್ತು. ನಾನು ಬಗ್ಗಿ, ಕಿವಿಯ ಹತ್ತಿರ, ಪಕ್ಕದ ಮನೆಗೂ ಕೇಳದ ಹಾಗೆ ಇನ್ನೊಂದು ಸಲ ಕರೆದೆ.

"ಓ" ಎಂದರು.